ಕರಿಯವರ ಕಾಲು, ನಮ್ಮ ಮಕ್ಕಳ ಕಾಲು



ನಮ್ಮ ಕೂಟದ ಊಟದ ಪಂಕ್ತಿಯಲ್ಲಿ ಈಚೆಗೆ ಒಂದು ವಾದ ತಪ್ಪದೆ ನಡೆಯುತ್ತಿದೆ. ಬಿಸಿಬೇಳೆ ಬಾತ್ ತಟ್ಟೆಗೆ ಬೀಳುವ ಹೊತ್ತಿಗೆ ಆರಂಭವಾಗಿ ಮೊಸರನ್ನದವರೆಗೂ ಮುಗಿಯದ ವಾದ ಅದು. ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡದ ಸ್ಟೆಫೆನ್ ಕರಿ ಹೆಚ್ಚು ದೊಡ್ಡ ಆಟಗಾರರಾಗಿದ್ದುದು ಮೊದಲಿನ ವರ್ಷಗಳಲ್ಲೋ, ಈಚಿನ ವರ್ಷಗಳಲ್ಲೋ? ಮಕ್ಕಳು ಫೋನು ತೆರೆದು 2016ರ ತುಣುಕುಗಳನ್ನು ತೋರಿಸುತ್ತಾರೆ. ತಂದೆಯರು 2022ರ ಬಾಸ್ಟನ್ ಪಂದ್ಯಗಳ ಮಾತೆತ್ತುತ್ತಾರೆ. ಊರಿನಿಂದ ಆರು ತಿಂಗಳ ಮಟ್ಟಿಗೆ ಬಂದಿದ್ದ ಹಿರಿಯರೊಬ್ಬರು ಒಮ್ಮೆ ಇದನ್ನೆಲ್ಲ ಕೇಳಿಸಿಕೊಂಡು, ಹಳಗನ್ನಡದಲ್ಲಿ ಕರಿಯೆಂದರೆ ಆನೆಯಲ್ಲವೇ, ಆಳು ಆನೆಯಂತಿದ್ದಾನೆಯೇ ಎಂದು ವಿಚಾರಿಸಿದ್ದುಂಟು. ಆರಡಿ ಎರಡಂಗುಲದ ಕರಿಯವರು ತಮ್ಮ ಆಟದ ದೈತ್ಯರ ನಡುವೆ ಆನೆಮರಿಯೂ ಅಲ್ಲವೆಂದು ವಿವರಿಸಬೇಕಾಯಿತು.

ಈ ವಾದದಲ್ಲಿ ನಮ್ಮದೂ ಒಂದು ಅಭಿಪ್ರಾಯವಿದೆ. ಅದು ಕ್ರೀಡಾಭಿಮಾನಿಯ ಅಭಿಪ್ರಾಯಕ್ಕಿಂತ ಹೆಚ್ಚಾಗಿ ವೈದ್ಯರ ಅಭಿಪ್ರಾಯ, ಅದಕ್ಕಿಂತಲೂ ಹೆಚ್ಚಾಗಿ ಒಬ್ಬ ಹುಡುಗನ ತಂದೆಯ ಅಭಿಪ್ರಾಯ. ಕೂಟದ ಕ್ರೀಡಾಕೂಟಗಳಲ್ಲಿ ಪ್ರಥಮ ಚಿಕಿತ್ಸೆಯ ಮೇಜಿನ ಹಿಂದೆ ಕುಳಿತುಕೊಳ್ಳುವ ನಮ್ಮನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಅಲ್ಲಿ ಕುಳಿತು ಕಂಡದ್ದೇ ಈ ಬರೆಹಕ್ಕೆ ಕಾರಣ.

ಮೊದಲಿಗೆ ಒಂದು ತಿದ್ದುಪಡಿ. ಮಕ್ಕಳು ಮೊದಲಿನ ಕರಿಯೆಂದು ತೋರಿಸುವುದು ನಡುವಿನ ಕರಿಯನ್ನು. 2015-16ರ ಋತುವಿನಲ್ಲಿ ಅವರು 402 ಮೂರಂಕದ ಎಸೆತಗಳನ್ನು ಬುಟ್ಟಿಗೆ ಹಾಕಿದರು. ಅದಕ್ಕೆ ಮೊದಲು ಯಾರೂ ಒಂದು ಋತುವಿನಲ್ಲಿ 300ನ್ನು ಮುಟ್ಟಿರಲಿಲ್ಲ. ಪಂದ್ಯಕ್ಕೆ ಸರಾಸರಿ 30.1 ಅಂಕ. ತಂಡ 73 ಪಂದ್ಯಗಳನ್ನು ಗೆದ್ದು ಒಂಬತ್ತನ್ನು ಮಾತ್ರ ಸೋತಿತು. ಶ್ರೇಷ್ಠ ಆಟಗಾರ ಪ್ರಶಸ್ತಿ ಒಂದು ಮತವೂ ತಪ್ಪದೆ ಸರ್ವಾನುಮತದಿಂದ ಬಂದದ್ದು ಆ ಲೀಗಿನ ಇತಿಹಾಸದಲ್ಲಿ ಅದೇ ಮೊದಲು. ಆದರೆ ಆಗ ಅವರ ವಯಸ್ಸು 28, ವೃತ್ತಿಯ ಏಳನೆಯ ವರ್ಷ. ನಿಜವಾದ ಮೊದಲಿನ ಕರಿಯನ್ನು ನಮ್ಮ ಮಕ್ಕಳು ನೋಡಿಲ್ಲ. ಕೆಲವರು ಆಗಿನ್ನೂ ಹುಟ್ಟಿಯೇ ಇರಲಿಲ್ಲ.

ನಾವು ನೋಡಿದ್ದೇವೆ. ಬೇ ಏರಿಯಾಕ್ಕೆ ಹೊಸದಾಗಿ ಬಂದಿದ್ದ ಆ ದಿನಗಳಲ್ಲಿ ಫ್ರೀಮಾಂಟಿನಿಂದ ಬಾರ್ಟ್ ರೈಲು ಹತ್ತಿ, ಕೊಲಿಸಿಯಂ ನಿಲ್ದಾಣದಲ್ಲಿ ಇಳಿದು, ಮೇಲುಸೇತುವೆ ದಾಟಿ, ಓಕ್ಲೆಂಡಿನ ಒರೇಕಲ್ ಅರೀನಾದ ತುತ್ತತುದಿಯ ಸಾಲಿನಲ್ಲಿ ಕೂರುವುದು ನಮ್ಮಂಥವರ ಜೇಬಿಗೂ ನಿಲುಕುತ್ತಿತ್ತು. ತಂಡ ಸೋಲುತ್ತಿತ್ತು, ಆದ್ದರಿಂದ ನಿಲುಕುತ್ತಿತ್ತು. 2009-10ರಲ್ಲಿ 26 ಗೆಲುವು, 56 ಸೋಲು. 2009ರ ಆಯ್ಕೆಯಲ್ಲಿ ಏಳನೆಯವರಾಗಿ ಬಂದ ತೆಳ್ಳಗಿನ ಹುಡುಗನೊಬ್ಬ ಅಲ್ಲಿ ಚೆಂಡು ಎಸೆಯುತ್ತಿದ್ದ. ಅವನಿಗಿಂತ ಮೊದಲು ಮಿನ್ನೆಸೋಟ ತಂಡ ಐದನೆಯ ಮತ್ತು ಆರನೆಯ ಸರದಿಗಳೆರಡರಲ್ಲೂ ಅವನದೇ ಸ್ಥಾನದಲ್ಲಿ ಆಡುವ ಬೇರೆ ಇಬ್ಬರನ್ನು ಆರಿಸಿಕೊಂಡಿತ್ತು.

ಆ ಹುಡುಗನ ಎಸೆತದ ಚೆಲುವು ಆಗಲೇ ಪೂರ್ಣವಾಗಿತ್ತೆಂದೇ ಹೇಳಬೇಕು. ತಂದೆ ಡೆಲ್ ಕರಿ ಸ್ವತಃ ಷಾರ್ಲೆಟ್ ತಂಡದ ಹೆಸರಾಂತ ಎಸೆತಗಾರರು. ಮಗ ಪ್ರೌಢಶಾಲೆಯಲ್ಲಿದ್ದಾಗ, ಸೊಂಟದ ಮಟ್ಟದಿಂದ ಎಸೆಯುವ ಚೆಂಡು ಎತ್ತರದ ಎದುರಾಳಿಗಳ ಕೈಗೆ ಸಿಕ್ಕೀತೆಂದು, ಒಂದು ಇಡೀ ಬೇಸಿಗೆಯಲ್ಲಿ ಅವನ ಎಸೆತವನ್ನು ಬಿಚ್ಚಿ ಹೊಸದಾಗಿ ಕಟ್ಟಿಸಿದರು. ಅಷ್ಟಾದರೂ ದೊಡ್ಡ ಕಾಲೇಜುಗಳು ಕರೆಯಲಿಲ್ಲ. ಡೇವಿಡ್ಸನ್ ಎಂಬ ಚಿಕ್ಕ ಕಾಲೇಜು ಕರೆಯಿತು, 2008ರಲ್ಲಿ ಆ ಕಾಲೇಜನ್ನು ಅವನು ದೇಶದ ಕೊನೆಯ ಎಂಟು ತಂಡಗಳವರೆಗೆ ಒಯ್ದ. ಇದು ಮಕ್ಕಳಿಗೂ ಗೊತ್ತಿರುವ ಕಥೆ.

ಗೊತ್ತಿಲ್ಲದ ಕಥೆ ಬಲಗಾಲಿನದು. 2010-11ರಲ್ಲಿ ಪಾದದ ಕೀಲು ಮತ್ತೆ ಮತ್ತೆ ಉಳುಕಿತು. ಎದುರಾಳಿ ತಾಗದಿದ್ದರೂ, ಸುಮ್ಮನೆ ತಿರುಗಿದರೂ ಉಳುಕುತ್ತಿತ್ತು. 2011ರ ಮೇ ತಿಂಗಳಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಮರಳಿ ಬಂದ ಋತುವಿನಲ್ಲಿ 66 ಪಂದ್ಯಗಳ ಪೈಕಿ ಅವರು ಆಡಿದ್ದು 26. ಬರುವುದು, ಉಳುಕುವುದು, ಕುಳಿತುಕೊಳ್ಳುವುದು, ಮತ್ತೆ ಬರುವುದು. 2012ರ ಏಪ್ರಿಲ್‌ನಲ್ಲಿ ಅದೇ ಕೀಲಿಗೆ ಎರಡನೆಯ ಶಸ್ತ್ರಚಿಕಿತ್ಸೆ. ಆ ವರ್ಷದ ಅಕ್ಟೋಬರಿನಲ್ಲಿ ತಂಡ ಅವರೊಂದಿಗೆ ನಾಲ್ಕು ವರ್ಷಕ್ಕೆ 4.4 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡಾಗ, ಇಷ್ಟು ಹಾಳಾದ ಕಾಲಿಗೆ ಇಷ್ಟು ಹಣವೇ ಎಂದು ಕೇಳಿದವರು ಬಹಳ ಮಂದಿ. ಆಸ್ಪತ್ರೆಯ ಊಟದ ಕೋಣೆಯಲ್ಲಿ ನಾವೂ ಕೇಳಿದ್ದೆವು. ವೈದ್ಯರೆಂಬ ಗತ್ತಿನಿಂದಲೇ ಕೇಳಿದ್ದೆವು.

ಇಲ್ಲಿಂದ ಮುಂದಿನದು ನಮಗೆ ಆ 402 ಎಸೆತಗಳಿಗಿಂತ ಸ್ವಾರಸ್ಯದ ಸಂಗತಿ. ತಂಡದ ದೇಹದಾರ್ಢ್ಯ ತರಬೇತುದಾರರಾಗಿ ಬಂದ ಕೀಕಿ ಲೈಲ್ಸ್ ಪಾದವನ್ನಷ್ಟೇ ನೋಡಲಿಲ್ಲ, ಸೊಂಟವನ್ನು ನೋಡಿದರು. ವೇಗವಾಗಿ ಓಡುತ್ತಿರುವವನು ಥಟ್ಟನೆ ನಿಂತು ದಿಕ್ಕು ಬದಲಿಸುವಾಗ ದೇಹದ ಭಾರವನ್ನು ತಡೆಯಬೇಕಾದವು ಸೊಂಟದ ಮತ್ತು ಪೃಷ್ಠದ ದೊಡ್ಡ ಸ್ನಾಯುಗಳು. ಅವು ಸೋತರೆ ಆ ಭಾರವೆಲ್ಲ ಕೆಳಗಿಳಿದು, ಪಾದದ ತೆಳುವಾದ ಲಿಗಮೆಂಟುಗಳ ಮೇಲೆ ಬೀಳುತ್ತದೆ. ಆದ್ದರಿಂದ ಕರಿಯವರ ಅಭ್ಯಾಸದಲ್ಲಿ ಭಾರ ಎತ್ತುವ ಡೆಡ್‌ಲಿಫ್ಟ್ ಸೇರಿತು, ಒಂಟಿ ಕಾಲಿನ ಸಮತೋಲನ ಸೇರಿತು. ಕೆಲವು ವರ್ಷಗಳಲ್ಲಿ ಅವರು 400 ಪೌಂಡ್, ಎಂದರೆ ನಮ್ಮ ಲೆಕ್ಕದಲ್ಲಿ 180 ಕಿಲೋ, ನೆಲದಿಂದ ಎತ್ತುವಷ್ಟಾದರು. ತಮ್ಮ ದೇಹದ ತೂಕದ ಎರಡು ಪಟ್ಟಿಗೂ ಹೆಚ್ಚು. ಇದನ್ನು ಯಾವ ಮಗುವೂ ಫೋನಿನಲ್ಲಿ ತೋರಿಸುವುದಿಲ್ಲ, ಏಕೆಂದರೆ ನೋಡಲು ಇದರಲ್ಲಿ ಏನೂ ಇಲ್ಲ. ಒಬ್ಬ ಮನುಷ್ಯ ಬಗ್ಗಿ ಏಳುತ್ತಾನೆ, ಅಷ್ಟೆ.

2012-13ರಲ್ಲಿ ಅವರು 82ರಲ್ಲಿ 78 ಪಂದ್ಯಗಳನ್ನು ಆಡಿ 272 ಮೂರಂಕಗಳ ಹೊಸ ದಾಖಲೆ ಬರೆದರು. 2015ರಲ್ಲಿ ತಂಡ ಪ್ರಶಸ್ತಿ ಗೆದ್ದಿತು, ಬಳಿಕ 2017 ಮತ್ತು 2018ರಲ್ಲಿ. ಇದನ್ನೆಲ್ಲ ನೀವು ಬಲ್ಲಿರಿ.

ಈಚಿನ ವರ್ಷಗಳಿಗೆ ಬರೋಣ. 2019ರ ಅಕ್ಟೋಬರಿನಲ್ಲಿ ಎದುರಾಳಿಯೊಬ್ಬರು ಮೇಲೆ ಬಿದ್ದು ಎಡಗೈ ಮೂಳೆ ಮುರಿಯಿತು. ಆ ಋತುವಿನಲ್ಲಿ ಅವರು ಆಡಿದ್ದು ಐದೇ ಪಂದ್ಯ, ತಂಡ ಗೆದ್ದದ್ದು ಹದಿನೈದೇ. ಕಾಲ ಮುಗಿಯಿತೆಂಬ ಮಾತು ಎಲ್ಲೆಡೆ ಕೇಳಿಬಂತು. ಮರುವರ್ಷ 33ನೆಯ ವಯಸ್ಸಿನಲ್ಲಿ ಅವರು ಸರಾಸರಿ 32 ಅಂಕ ಗಳಿಸಿ ಲೀಗಿನಲ್ಲೇ ಮೊದಲಿಗರಾದರು. 2021ರ ಡಿಸೆಂಬರ್ 14ರಂದು ನ್ಯೂಯಾರ್ಕಿನಲ್ಲಿ ರೇ ಅಲೆನ್ ಅವರ 2,973 ಮೂರಂಕಗಳ ದಾಖಲೆ ಹಿಂದೆ ಬಿತ್ತು. 2025ರ ಮಾರ್ಚ್ 13ರಂದು, 37 ತುಂಬುವ ಹಿಂದಿನ ದಿನ, 4,000ದ ಗಡಿಯನ್ನೂ ಮುಟ್ಟಿದರು.

ಅಂಕಿಗಳನ್ನು ಬದಿಗಿಟ್ಟು 2022ರ ಅಂತಿಮ ಸರಣಿಯನ್ನು ನೆನೆಯೋಣ. ಬಾಸ್ಟನ್ ಎದುರಿನ ಮೂರನೆಯ ಪಂದ್ಯದ ಕೊನೆಯಲ್ಲಿ ಎದುರಾಳಿಯ ದೇಹ ಅವರ ಎಡಪಾದದ ಮೇಲೆ ಬಿತ್ತು, ವಾರಿಯರ್ಸ್ ಸೋತರು. ಎರಡು ದಿನ ಕಳೆದು ಅದೇ ಪಾದದ ಮೇಲೆ 43 ಅಂಕ, ಹತ್ತು ರಿಬೌಂಡ್, ಗೆಲುವು. ಜನ ಸ್ಮರಿಸುವುದು ಈ ನಾಲ್ಕನೆಯ ಪಂದ್ಯವನ್ನು. ನಮ್ಮ ಮನಸ್ಸು ಐದನೆಯದರ ಕಡೆಗೆ ಹೋಗುತ್ತದೆ. ಅಂದು ಅವರು ಒಂಬತ್ತು ಬಾರಿ ದೂರದಿಂದ ಎಸೆದರು, ಒಂಬತ್ತೂ ತಪ್ಪಿದವು. ಪ್ಲೇಆಫ್ ಪಂದ್ಯವೊಂದರಲ್ಲಿ ಒಂದೂ ಮೂರಂಕ ಬಾರದೆ ಹೋದದ್ದು ಅವರಿಗೆ ಅದೇ ಮೊದಲು. ಆದರೂ ತಂಡ ಹತ್ತು ಅಂಕಗಳಿಂದ ಗೆದ್ದಿತು. ಅವರು ಓಡುತ್ತಲೇ ಇದ್ದರು. ಅವರ ಹಿಂದೆ ಇಬ್ಬರು ಓಡುತ್ತಿದ್ದರು, ಆ ಇಬ್ಬರು ಬಿಟ್ಟ ಜಾಗದಲ್ಲಿ ಬೇರೆಯವರು ಅಂಕ ಗಳಿಸಿದರು. 2010ರ ಕರಿಗೆ ಎಸೆತ ಬೀಳದ ದಿನ ತಂಡಕ್ಕೆ ಕೊಡಲು ಇಷ್ಟೆಲ್ಲ ಇರಲಿಲ್ಲ. ಆ ಸರಣಿಯ ಶ್ರೇಷ್ಠ ಆಟಗಾರ ಪ್ರಶಸ್ತಿ, ಮೊದಲ ಮೂರು ಗೆಲುವುಗಳಲ್ಲಿ ಸಿಕ್ಕದಿದ್ದುದು, ನಾಲ್ಕನೆಯದರಲ್ಲಿ ಅವರಿಗೆ ಸಂದಿತು. ಅದೇ ವರ್ಷ ಅರ್ಧಕ್ಕೆ ಬಿಟ್ಟಿದ್ದ ಡೇವಿಡ್ಸನ್ ಪದವಿಯನ್ನೂ ಮುಗಿಸಿದರು ಎಂಬುದನ್ನು ತಾಯಂದಿರ ಗಮನಕ್ಕೆ ತರುತ್ತೇವೆ.

ಆದ್ದರಿಂದ ನಮ್ಮ ಮತ ಈಚಿನ ಕರಿಯ ಕಡೆಗೆ. 2016ರ ಆಟದ ಬೆರಗು ಮತ್ತೆ ಬಾರದು, ಅವರಿಂದಲೂ ಬಾರಲಿಲ್ಲ, ಅದನ್ನು ಒಪ್ಪುತ್ತೇವೆ. ಆದರೆ ಎಸೆತದ ಕೈ ಬಹುಪಾಲು ಮನೆಯಿಂದ ಬಂದದ್ದು, ತಂದೆಯ ಅಂಗಳದಲ್ಲಿ ಕಲಿತದ್ದು. ಕಾಲು ಹಾಗಲ್ಲ. ಎರಡು ಸಲ ಕತ್ತರಿ ಬಿದ್ದ ಕೀಲಿನ ಮೇಲೆ ಹದಿಮೂರು ಋತುಗಳನ್ನು ಕಟ್ಟಿ ನಿಲ್ಲಿಸಿದ್ದು ಅವರ ಸ್ವಂತ ಗಳಿಕೆ. ಅವರ ಬಳಿ ತರಬೇತುದಾರರ, ವೈದ್ಯರ ಪಡೆಯೇ ಇತ್ತಲ್ಲ ಎಂದು ಯಾರಾದರೂ ಹೇಳಿದರೆ ಅದು ನಿಜ. ಅಂಥ ಪಡೆ ಇದ್ದೂ 30ರೊಳಗೆ ಆಟ ಬಿಟ್ಟವರು ಎಷ್ಟೋ ಜನ.

ನಮ್ಮ ತಲೆಮಾರಿನ ಕನ್ನಡಿಗರಿಗೆ ಇದು ಹೊಸ ಪಾಠವಾಗಬೇಕಿರಲಿಲ್ಲ. ನಾವು ಅನಿಲ್ ಕುಂಬ್ಳೆಯವರನ್ನು ನೋಡಿ ಬೆಳೆದವರು. 2002ರಲ್ಲಿ ಆಂಟಿಗುವಾದಲ್ಲಿ ಮುರಿದ ದವಡೆಗೆ ಬಟ್ಟೆ ಕಟ್ಟಿಕೊಂಡು ಬೌಲ್ ಮಾಡಿ, ಲಾರಾ ಅವರ ವಿಕೆಟ್ ಕಿತ್ತ ಆ ಚಿತ್ರ ಹುಬ್ಬಳ್ಳಿಯ ನಮ್ಮ ಹಾಸ್ಟೆಲಿನ ಗೋಡೆಯ ಮೇಲೂ ಇತ್ತು. ಎಂ.ಬಿ.ಬಿ.ಎಸ್. ಓದುತ್ತಿದ್ದ ನಮಗೂ ಆಗ ಅದೇ ದೊಡ್ಡದೆನಿಸಿತ್ತು. ಈಗ ನಮಗೆ ದೊಡ್ಡದಾಗಿ ಕಾಣುವುದು ಆ ಚಿತ್ರಕ್ಕೆ ಹಿಂದಿನ ಕಾಲ. ಭುಜದ ಶಸ್ತ್ರಚಿಕಿತ್ಸೆಯಿಂದಾಗಿ ಅವರು 2001ರ ಆ ಪ್ರಸಿದ್ಧ ಆಸ್ಟ್ರೇಲಿಯಾ ಸರಣಿಯನ್ನೇ ಆಡಲಿಲ್ಲ. ದೇಶ ಕುಣಿಯುತ್ತಿದ್ದಾಗ ಅವರು ಹೊರಗೆ ಕುಳಿತಿದ್ದರು. ಹಾಗೆ ಕುಳಿತ ಭುಜವೇ 2003-04ರಲ್ಲಿ ಆಸ್ಟ್ರೇಲಿಯಾದ ನೆಲದಲ್ಲಿ ಮೂರು ಟೆಸ್ಟುಗಳಲ್ಲಿ 24 ವಿಕೆಟ್ ತೆಗೆಯಿತು. ಕುಂಬ್ಳೆ ಊರಿನಲ್ಲಷ್ಟೇ ಗೆಲ್ಲಿಸಬಲ್ಲರು ಎಂದು ಅವರ ಮೊದಲ ದಶಕದುದ್ದಕ್ಕೂ ಹೇಳುತ್ತಿದ್ದವರ ಬಾಯಿ ಆಗ ಮುಚ್ಚಿತು. 36ನೆಯ ವಯಸ್ಸಿನಲ್ಲಿ ಓವಲ್‌ನಲ್ಲಿ ಶತಕ, ಬಳಿಕ ನಾಯಕತ್ವ, 2008ರಲ್ಲಿ 619 ವಿಕೆಟ್‌ಗಳೊಂದಿಗೆ ವಿದಾಯ. ಇನ್ನು ರಾಹುಲ್ ದ್ರಾವಿಡ್ 2011ರ ಇಂಗ್ಲೆಂಡ್ ಪ್ರವಾಸದಲ್ಲಿ, ತಂಡವೆಲ್ಲ ಕುಸಿಯುತ್ತಿದ್ದಾಗ, 38ರಲ್ಲಿ ಮೂರು ಶತಕ ಹೊಡೆದದ್ದು ಹೇಳಬೇಕಾದ್ದೇ ಇಲ್ಲ.

ದವಡೆಯ ಚಿತ್ರವನ್ನು ಗೋಡೆಗೆ ಅಂಟಿಸಿ ಭುಜದ ತಿಂಗಳುಗಳನ್ನು ಮರೆಯುವುದು ನಮ್ಮ ಅಭ್ಯಾಸ. ಅದರ ಬೆಲೆಯನ್ನು ನಮ್ಮ ಮನೆಯಲ್ಲೇ ತೆತ್ತಿದ್ದೇವೆ.

ನಮ್ಮ ಮಗನಿಗೆ ಆಗ 12 ವರ್ಷ. ವರ್ಷವಿಡೀ ಆಡುವ ಒಂದು ತಂಡದಲ್ಲಿದ್ದ. ವಾರಕ್ಕೆ ನಾಲ್ಕು ಸಂಜೆ ಅಭ್ಯಾಸ, ವಾರಾಂತ್ಯ ಪಂದ್ಯಾವಳಿ. ಒಂದು ಗುರುವಾರ ಬಲಗಾಲು ಉಳುಕಿಸಿಕೊಂಡು ಬಂದ. ಮೂಳೆಗೆ ಪೆಟ್ಟಾಗಿಲ್ಲವೆಂದು ಪರೀಕ್ಷಿಸಿ ಖಚಿತಪಡಿಸಿಕೊಂಡೆವು, ಮಂಜುಗಡ್ಡೆ ಇಟ್ಟೆವು, ಪಟ್ಟಿ ಸುತ್ತಿದೆವು. ಎಂಟು ದಿನಕ್ಕೆ ಊತ ಇಳಿಯಿತು, ನೋವಿಲ್ಲವೆಂದ. ಆ ಶನಿವಾರ ಬೇರೆ ಊರಿನಲ್ಲಿ ಪಂದ್ಯ, ಹೋಟೆಲಿನ ಕೋಣೆಗೆ ಹಣ ಕಟ್ಟಿಯಾಗಿತ್ತು. ನಡೆಸಿ ನೋಡಿದೆವು, ಓಡಿಸಿ ನೋಡಿದೆವು, ಕಳುಹಿಸಿದೆವು. ಒಂಟಿ ಕಾಲಿನ ಮೇಲೆ ನಿಲ್ಲಿಸಿ ನೋಡಲಿಲ್ಲ. ಎರಡನೆಯ ಪಂದ್ಯದಲ್ಲಿ ಅದೇ ಕಾಲು ಮತ್ತೆ ತಿರುಗಿತು. ಮುಂದಿನ ಒಂದೂವರೆ ವರ್ಷದಲ್ಲಿ ಇನ್ನೂ ಮೂರು ಸಲ. ಒಮ್ಮೆ ಉಳುಕಿದ ಕೀಲು ಇನ್ನೊಮ್ಮೆ ಉಳುಕುವ ಸಂಭವ ಹೆಚ್ಚು. ನೋವು ಹೋದರೂ, ಪಾದ ಎಲ್ಲಿ ಇದೆಯೆಂದು ಮಿದುಳಿಗೆ ತಿಳಿಸುವ ನರಗಳ ಚುರುಕು ಅಭ್ಯಾಸವಿಲ್ಲದೆ ಮರಳುವುದಿಲ್ಲ. ಇದನ್ನು ನಾವು ಓದಿದ್ದೆವು, ಬೇರೆಯವರ ಮಕ್ಕಳಿಗೆ ಹೇಳಿಯೂ ಇದ್ದೆವು. ಈಗ ಅವನಿಗೆ ಹದಿನೈದು. ತಂಡ ಬಿಟ್ಟಿದ್ದಾನೆ. ಸಂಜೆ ಮನೆಯ ಮುಂದಿನ ಬುಟ್ಟಿಗೆ ಒಬ್ಬನೇ ಒಂದಷ್ಟು ಹೊತ್ತು ಎಸೆಯುತ್ತಾನೆ. ‘ನೀನು ಡಾಕ್ಟರ್ ಅಲ್ವಾ ಅಪ್ಪಾ?’ ಎಂದು ಒಮ್ಮೆ ಕೇಳಿದ. ದೂರುವ ಧ್ವನಿಯಲ್ಲಿ ಕೇಳಲಿಲ್ಲ, ತಿಳಿದುಕೊಳ್ಳುವವನಂತೆ ಕೇಳಿದ. ಉತ್ತರ ಕೊಡುವುದು ಅದರಿಂದ ಇನ್ನೂ ಕಷ್ಟವಾಯಿತು.

ನಮ್ಮ ಕ್ರೀಡಾಕೂಟದ ಮೇಜಿಗೆ ಬರುವ ಮಕ್ಕಳಲ್ಲಿ ಹಲವರು 30ನೆಯ ಸಂಖ್ಯೆಯ ಅಂಗಿ ತೊಟ್ಟಿರುತ್ತಾರೆ. ಮೂವತ್ತು ಅಡಿ ದೂರದಿಂದ ಎಸೆಯಲು ಬರುತ್ತದೆ, ಹತ್ತು ಎಣಿಸುವವರೆಗೆ ಒಂದು ಕಾಲಿನ ಮೇಲೆ ನಿಲ್ಲಲು ಬರುವುದಿಲ್ಲ. ಅವರ ಹಿಂದೆ ನಿಂತ ತಂದೆ ‘ನಾಳೆ ಮ್ಯಾಚ್ ಇದೆ ಡಾಕ್ಟ್ರೇ, ಏನಾದರೂ ಮಾಡಿ’ ಎನ್ನುತ್ತಾರೆ. ಬಾಸ್ಕೆಟ್‌ಬಾಲ್ ಮಾತ್ರವಲ್ಲ, ಕ್ರಿಕೆಟ್ ಅಕಾಡೆಮಿಗೆ ಹೋಗುವ ಹನ್ನೊಂದರ ಬೌಲರನ ಬೆನ್ನು, ಈಜುವ ಹುಡುಗಿಯ ಭುಜ, ಎಲ್ಲಕ್ಕೂ ಇದೇ ಮಾತು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2016ರಲ್ಲೇ ಸ್ಪಷ್ಟವಾಗಿ ಹೇಳಿದೆ: 15-16 ವಯಸ್ಸಿನವರೆಗೆ ಒಂದೇ ಆಟಕ್ಕೆ ಕಟ್ಟಿಹಾಕಬೇಡಿ, ವಾರಕ್ಕೆ ಒಂದೆರಡು ದಿನ ಬಿಡುವು ಕೊಡಿ, ತಾನು ಆರಿಸಿಕೊಂಡ ಆಟದಿಂದ ವರ್ಷಕ್ಕೆ ಒಟ್ಟು ಮೂರು ತಿಂಗಳಾದರೂ ಮಗು ದೂರವಿರಲಿ, ಒಂದೊಂದು ತಿಂಗಳಂತೆ ಬಿಡಿಬಿಡಿಯಾಗಿಯಾದರೂ ಸರಿ. ಇದನ್ನು ಹೇಳಿದರೆ, ಹಿಂದುಳಿದುಬಿಡುತ್ತಾನಲ್ಲ ಎಂಬ ಆತಂಕ ಎದುರಾಗುತ್ತದೆ. ಹದಿನೇಳರಲ್ಲಿ ದೊಡ್ಡ ಕಾಲೇಜುಗಳು ಬೇಡವೆಂದವನ ಚಿತ್ರವೇ ಆ ಹುಡುಗನ ಕೋಣೆಯ ಗೋಡೆಯ ಮೇಲಿರುತ್ತದೆ.

ಉಳುಕಿನ ಬಗ್ಗೆ ಒಂದೆರಡು ಮಾತು ಹೇಳದೆ ಹೋದರೆ ವೈದ್ಯರಾಗಿದ್ದೂ ವ್ಯರ್ಥ. ಪೆಟ್ಟಾದ ಮೇಲೆ ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಅಥವಾ ಪಾದದ ಕೀಲಿನ ಎರಡು ಬದಿಯ ಮೂಳೆಗಂಟುಗಳನ್ನು ಒತ್ತಿದಾಗ ನೋವಾದರೆ, ಎಕ್ಸ್‌ರೇ ಬೇಕು. ಬೆಳೆಯುವ ಮಕ್ಕಳಲ್ಲಿ ಉಳುಕೆಂದು ತೋರುವುದು ಮೂಳೆಯ ಬೆಳವಣಿಗೆಯ ತುದಿಗೆ ಆದ ಪೆಟ್ಟೂ ಆಗಿರಬಹುದು. ಮೊದಲ ಎರಡು ದಿನ ಬಿಸಿ ಎಣ್ಣೆ ಹಚ್ಚಿ ನೀವುವುದು ಬೇಡ. ಊರಿನಲ್ಲಿ ಅಜ್ಜಿಯಂದಿರು ಉಳುಕು ತೆಗೆಯುತ್ತಿದ್ದ ಕೈಗಳ ಮೇಲೆ ನಮಗೆ ಗೌರವವಿದೆ, ಆದರೂ ಊದಿದ ಕೀಲನ್ನು ಎಳೆಯುವುದು ಬೇಡ. ಊತ ಇಳಿದ ಮೇಲೆ ನಿಜವಾದ ಕೆಲಸ ಶುರು. ಒಂಟಿ ಕಾಲಿನ ನಿಲುವು, ಹಿಮ್ಮಡಿ ಎತ್ತುವುದು, ಸೊಂಟಕ್ಕೆ ಬಲ ಕೊಡುವ ವ್ಯಾಯಾಮ, ವಾರಗಟ್ಟಲೆ. ಪೆಟ್ಟಾದ ಕಾಲು ಇನ್ನೊಂದು ಕಾಲಿನಷ್ಟೇ ಭದ್ರವಾಗಿ ನಿಂತು, ಕುಪ್ಪಳಿಸಿ, ತಿರುಗಿದ ಮೇಲೆ ಅಂಗಳಕ್ಕೆ. ಹೋಟೆಲಿನ ಹಣ ಹೋದರೆ ಹೋಗಲಿ.

2025ರ ಮೇ 6ರಂದು ಮಿನ್ನೆಸೋಟದ ಎದುರು ಮೊದಲ ಪಂದ್ಯದ ಎರಡನೆಯ ಪಾದದಲ್ಲಿ ಕರಿಯವರು ಎಡತೊಡೆಯ ಹಿಂಭಾಗವನ್ನು ಹಿಡಿದುಕೊಂಡರು. ಸ್ನಾಯು ಸೆಳೆತ. ತಂಡ ಆ ಪಂದ್ಯವನ್ನು ಗೆದ್ದಿತು, ಮುಂದಿನ ನಾಲ್ಕನ್ನೂ ಸೋತಿತು. ಅವರು ಪ್ರತಿ ಪಂದ್ಯಕ್ಕೂ ಸಾದಾ ಉಡುಪಿನಲ್ಲಿ ಬಂದು ಬೆಂಚಿನ ಮೇಲೆ ಕುಳಿತರು. ಸರಣಿ ಇನ್ನೂ ಎಳೆದಿದ್ದರೆ ಆರನೆಯ ಪಂದ್ಯಕ್ಕೆ ಬಂದಾರೆಂಬ ಆಸೆ ಎಲ್ಲರಿಗೂ ಇತ್ತು. ಆರನೆಯ ಪಂದ್ಯವೇ ಬರಲಿಲ್ಲ. 37ರಲ್ಲಿ ಇನ್ನೆಷ್ಟು ಅವಕಾಶಗಳು ಉಳಿದಿವೆಯೆಂದು ಅವರಿಗೂ ಗೊತ್ತು. ಆದರೂ ಕುಳಿತರು. ಸೋಫಾದ ಇನ್ನೊಂದು ತುದಿಯಲ್ಲಿದ್ದ ನಮ್ಮ ಮಗ ಐದನೆಯ ಪಂದ್ಯ ಮುಗಿಯುವವರೆಗೂ ಒಂದು ಮಾತೂ ಆಡಲಿಲ್ಲ.

ಮುಂದಿನ ಕ್ರೀಡಾಕೂಟದಲ್ಲಿ ಪ್ರಥಮ ಚಿಕಿತ್ಸೆಯ ಮೇಜಿನ ಪಕ್ಕದಲ್ಲಿ ಇನ್ನೊಂದು ಮೇಜು ಹಾಕಲು ಸಮಿತಿಯವರು ಒಪ್ಪಿದ್ದಾರೆ. ಆಟಕ್ಕೆ ಇಳಿಯುವ ಮುನ್ನ ಮಕ್ಕಳು ಅಲ್ಲಿ ಬಂದು ಒಂದೊಂದು ಕಾಲಿನ ಮೇಲೆ ನಿಂತು ತೋರಿಸಬೇಕು, ಮೊದಲು ಕಣ್ಣು ತೆರೆದು, ಆಮೇಲೆ ಕಣ್ಣು ಮುಚ್ಚಿ. ವಾಲಿಬಾಲ್ ಆಡುವ ನಲವತ್ತು ದಾಟಿದವರೂ ಬರಬಹುದು, ಬಂದರೆ ಒಳ್ಳೆಯದು. ಗಡಿಯಾರ ಹಿಡಿದು ಎಣಿಸಲು ನಮ್ಮ ಮಗ ಒಪ್ಪಿಕೊಂಡಿದ್ದಾನೆ.